ಅಮಾವಾಸ್ಯೆ ಮಧ್ಯಾಹ್ನದ ಕೂಟ

ನಮ್ಮ ಕೂಟದ ಚರಿತ್ರೆಯನ್ನು ಮೊದಲಿನಿಂದ ಕೊನೆಯವರೆಗೆ ನಾನು ಬಾಯಿಬಿಟ್ಟು ಹೇಳಿದ್ದು ಒಂದೇ ಸಲ, ಅದೂ ಒಬ್ಬರೇ ಕೇಳುಗರಿಗೆ. ಈಗ ಬರೆಯಲು ಕೂತಿದ್ದೇನೆ. ಬೇರೆ ಯಾರೂ ಬರೆಯುವ ಹಾಗಿಲ್ಲ. ಕೂಟಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ನಡಾವಳಿ ಪುಸ್ತಕವಿಲ್ಲ. ಒಬ್ಬರ ಪರವಾಗಿ ಇನ್ನೊಬ್ಬರು ಸಹಿ ಹಾಕಬಾರದು ಎಂಬುದು ನಮ್ಮ ಮೊದಲ ನಿಯಮ. ಅದನ್ನೂ ಯಾರೂ ಬರೆದಿಡಲಿಲ್ಲ, ಯಾಕೆಂದರೆ ಬರೆದಿಟ್ಟರೆ ಕೆಳಗೆ ಸಹಿ ಹಾಕುವವರು ಯಾರು?

ಪಲ್ಲಡದಿಂದ ಸ್ವಲ್ಪ ಒಳಕ್ಕಿರುವ ನಮ್ಮ ಬೀದಿ ಕನ್ನಡ ಮಾತಾಡುವ ನೇಕಾರರ ಬೀದಿ. ಎಷ್ಟು ತಲೆಮಾರಿನ ಹಿಂದೆ ಇಲ್ಲಿಗೆ ಬಂದೆವೋ ನಮಗೇ ತಿಳಿಯದು. ಮನೆಯೊಳಗೆ ಕನ್ನಡ, ಹೊಸಲು ದಾಟಿದರೆ ತಮಿಳು. ಕನ್ನಡದ ಅಕ್ಷರ ಮಾತ್ರ ಬೀದಿಯಲ್ಲಿ ಒಬ್ಬರಿಗೂ ಬಾರದು. ನನಗೆ ಕಲಿಸಿದವಳು ದಾವಣಗೆರೆ ಕಡೆಯವಳು. ತಿರುಪ್ಪೂರಿನ ಬನಿಯನ್ ಕಂಪನಿಗೆ ಚೆಕಿಂಗ್ ಕೆಲಸಕ್ಕೆ ಬಂದು, ನನ್ನ ಮನೆಗೆ ಬಾಡಿಗೆಗೆ ಬಂದು, ಹದಿಮೂರು ವರ್ಷವಾದರೂ ಹೋಗದೆ ಉಳಿದವಳು. ಗೋಡೆಯ ಮೇಲಿನ ಕನ್ನಡ ಕ್ಯಾಲೆಂಡರ್ ತೋರಿಸಿ ತಿಂಗಳ ಹೆಸರುಗಳಿಂದ ಶುರುಮಾಡಿದಳು. ಬೀದಿಯ ಲೆಕ್ಕದಲ್ಲಿ ಅವಳು ನನ್ನ ಬಾಡಿಗೆಯವಳು. ನನಗೆ ಅವಳು ನನ್ನ ಸಂಸಾರ. ಈ ಮಾತನ್ನು ಸುತ್ತಿ ಬಳಸಿ ಹೇಳುವ ವಯಸ್ಸು ನನಗೆ ದಾಟಿಹೋಗಿದೆ.

ನನ್ನ ಮನೆಗೆ ಅಂಟಿಕೊಂಡು ಆರು ಪವರ್‌ಲೂಮ್‌ಗಳ ಒಂದು ಶೆಡ್ ಇದೆ. ಮಗ್ಗಗಳು ನನ್ನವು, ನೆಲ ನನ್ನದಲ್ಲ. ಅದು ಪಾವಡಿಯ ನೆಲ. ಕೈಮಗ್ಗದ ಕಾಲದಲ್ಲಿ ನೂಲಿನ ಹಾಸನ್ನು ಉದ್ದಕ್ಕೆ ಎಳೆದು ಗಂಜಿ ಹಾಕಿ ಒಣಗಿಸುತ್ತಿದ್ದ ಬಯಲಿಗೆ ಪಾವಡಿ ಎನ್ನುತ್ತಾರೆ, ಅದು ಬೀದಿಗೆಲ್ಲ ಸೇರಿದ್ದು. ಅದರ ಒಂದು ಮೂಲೆಯನ್ನು ನನ್ನ ತಾತನಿಗೆ ಹಿರಿಯರು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟಿದ್ದರು. ಬಾಯಿಮಾತಿನಲ್ಲಿ ಕೊಟ್ಟದ್ದನ್ನು ಬಾಯಿಮಾತಿನಲ್ಲೇ ಹಿಂದಕ್ಕೆ ತೆಗೆದುಕೊಳ್ಳಬಹುದು. ನಾನೂ ಅವಳೂ ಏನು ಎಂಬುದು ಬೀದಿಗೆ ತಿಳಿದ ದಿನ ಶೆಡ್ ಹೋಗುತ್ತದೆ, ಶೆಡ್ ಹೋದರೆ ಹುಟ್ಟಿದ ಬೀದಿಯಲ್ಲಿ ನಮಗೆ ಅನ್ನವಿಲ್ಲ. ಆ ಭಯವನ್ನು ಮನೆಯ ಬೀಗದಕೈಯಂತೆ ಸೊಂಟಕ್ಕೆ ಸಿಕ್ಕಿಸಿಕೊಂಡೇ ತಿರುಗುತ್ತಿದ್ದೆ.

ಕೂಟ ಹುಟ್ಟಿದ್ದು ಕೊಯಮತ್ತೂರಿನ ಒಂದು ಸಭೆಯಲ್ಲಿ. ನಮ್ಮಂಥವರನ್ನು ಅಪರಾಧಿಗಳೆನ್ನುತ್ತಿದ್ದ ಕಾಯಿದೆಯ ಕಲಮನ್ನು ನ್ಯಾಯಾಲಯ ತೆಗೆದುಹಾಕಿದ ಹೊಸತು. ವೇದಿಕೆಯ ಮೇಲಿದ್ದವರು ಒಬ್ಬೊಬ್ಬರಾಗಿ ಸರ್ಕಾರ ನಮಗೆ ಏನೇನು ಕೊಡಬೇಕು ಎಂದು ಪಟ್ಟಿ ಓದುತ್ತಿದ್ದರು. ನಮ್ಮ ಹಿಂದಿನ ಸಾಲಿನಿಂದ, ನಮ್ಮ ಮನೆಯ ಕನ್ನಡದಲ್ಲಿ, ಒಂದು ಗಂಡುದನಿ ಗೊಣಗಿತು.

"ಎಲ್ಲಾ ಕೊಡು ಕೊಡು ಅಂತಾವೆ. ಇವತ್ತು ಕೊಟ್ಟವ್ನು ನಾಳೆ ಕಿತ್ಕೊಳ್ಳಲ್ವಾ? ನಮ್ಮ ದಾರಿ ಬಿಟ್ಟು ನಿಲ್ಲು ಅಂದ್ರೆ ಸಾಲ್ದಾ?"

ಹಿಂದಕ್ಕೆ ತಿರುಗಿ ನೋಡಿದೆ. ಗೊಣಗಿದವನು ಪಲ್ಲಡದ ಕೋಳಿ ವ್ಯಾಪಾರಿ. ಪಕ್ಕದಲ್ಲಿ ಅವನ ಜೊತೆಗಾರ, ಮೆಟ್ಟುಪಾಳ್ಯದ ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನು, ಒಕ್ಕಲು ಮನೆತನದವನು. ಇಬ್ಬರೂ ಕನ್ನಡದಲ್ಲಿ ಜಗಳವಾಡುತ್ತಿದ್ದರು, ಯಾರಿಗೂ ಅರ್ಥವಾಗದು ಎಂಬ ಧೈರ್ಯದಲ್ಲಿ. ಆ ಧೈರ್ಯ ನಮಗೆಲ್ಲ ಇರುವಂಥದ್ದೇ. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಟೀ ಅಂಗಡಿಯಲ್ಲಿ ಗುಟ್ಟಿನ ಮಾತು ಬಂದ ಕೂಡಲೇ ನಾವು ಕನ್ನಡಕ್ಕೆ ಇಳಿಯುತ್ತೇವೆ. ನಮಗೆ ಅದು ಮನೆಯ ಪರದೆ.

ಸಭೆ ಮುಗಿದ ಮೇಲೆ ನಾಲ್ವರೂ ಟೀ ಕುಡಿದೆವು. ಗಂಡಸನ್ನು ಮೆಚ್ಚಿದ ಇಬ್ಬರು ಗಂಡಸರು, ಹೆಂಗಸನ್ನು ಮೆಚ್ಚಿದ ಇಬ್ಬರು ಹೆಂಗಸರು. ನಮ್ಮ ರಾಜಕೀಯವನ್ನು ಕೋಳಿಯವನು ಗ್ಲಾಸು ಕೆಳಗಿಡುವಷ್ಟರಲ್ಲಿ ಹೇಳಿ ಮುಗಿಸಿದ. ನನ್ನ ಮೈ ನನ್ನದು, ನನ್ನ ದುಡಿಮೆ ನನ್ನದು, ನಾನು ಯಾರ ತಂಟೆಗೂ ಹೋಗುವುದಿಲ್ಲ, ನನ್ನ ತಂಟೆಗೆ ಸರ್ಕಾರವೂ ಬರಬಾರದು, ಜಾತಿಯೂ ಬರಬಾರದು. ದೊಡ್ಡ ಊರುಗಳಲ್ಲಿ ಇದನ್ನು ಸ್ವಾತಂತ್ರ್ಯವಾದ ಎನ್ನುತ್ತಾರೆಂದು ಅವನು ಎಲ್ಲೋ ಓದಿದ್ದ. ಉಳಿದ ಸಂಘದವರು ಹಕ್ಕು ಕೊಡಿ ಎನ್ನುತ್ತಿದ್ದರೆ, ನಾವು "ಕೊಡುವುದಕ್ಕೆ ನೀವ್ಯಾರು" ಎನ್ನುತ್ತಿದ್ದೆವು. ಹಾಗಾಗಿ ಅವರು ನಮ್ಮನ್ನು ಮೆರವಣಿಗೆಗೆ ಕರೆಯುವುದನ್ನು ಬೇಗನೆ ಬಿಟ್ಟರು. ನಮಗೇನೂ ಬೇಸರವಾಗಲಿಲ್ಲ. ನಾಲ್ವರು ಏಳಾದೆವು, ಒಮ್ಮೆ ಹನ್ನೊಂದೂ ಆಗಿದ್ದೆವು.

ಮೊದಲ ಕೆಲಸ ಒಂದು ಕರಪತ್ರ. ನೂಲಿನ ಗಿರಣಿ, ಬನಿಯನ್ ಕಂಪನಿಗಳ ಹಾಸ್ಟೆಲುಗಳಲ್ಲಿ ವಯಸ್ಸಿಗೆ ಬಂದ ಹೆಣ್ಣುಮಕ್ಕಳನ್ನು ಗೇಟಿಗೆ ಬೀಗ ಹಾಕಿ ಇಡುವುದುಂಟು, ಪೇಟೆಗೆ ಹೋಗಲೂ ಅಪ್ಪನ ಒಪ್ಪಿಗೆ ಬೇಕು. ನನ್ನವಳು ಇಲ್ಲಿಗೆ ಬಂದ ಮೊದಲ ವರ್ಷ ಅಂಥದೊಂದರಲ್ಲಿ ಇದ್ದಳು. "ಹದಿನೆಂಟು ತುಂಬಿದವಳ ಬೀಗದಕೈ ಅವಳ ಕೈಲಿರಲಿ" ಎಂದು ತಮಿಳಿನಲ್ಲಿ ಅಚ್ಚು ಹಾಕಿಸಿ ತಿರುಪ್ಪೂರು ಬಸ್‌ಸ್ಟ್ಯಾಂಡಿನಲ್ಲಿ ಹಂಚಿದೆವು. ಕೆಲವು ತಿಂಗಳ ನಂತರ ಒಂದು ಹಾಸ್ಟೆಲಿನಲ್ಲಿ ಭಾನುವಾರ ಗೇಟು ತೆರೆದರಂತೆ. ಅದು ನಮ್ಮಿಂದಲೇ ಆಯಿತೆಂದು ಹೇಳಲಾರೆ, ಆದರೆ ಹೇಳಿಕೊಂಡೆವು.

ಕೂಟ ಸೇರಲು ನಾನು ಅಮಾವಾಸ್ಯೆಯನ್ನು ಆರಿಸಿದೆ. ನೇಕಾರಳಾದ ನನಗೆ ಬೇರೆ ದಿನ ಹೊಳೆಯುವುದೂ ಇಲ್ಲ. ನಮ್ಮ ಬೀದಿಯಲ್ಲಿ ಅಂದು ಕುಲದೇವತೆ ಅಮ್ಮನ ಹೆಸರಿನಲ್ಲಿ ಮಗ್ಗ ನಿಲ್ಲುತ್ತದೆ, ರಾಟೆ ತಿರುಗುವುದಿಲ್ಲ, ಬೀಸುವುದು ಕುಟ್ಟುವುದು ಕೂಡ ಇಲ್ಲ. ಕೆಲಸದವರು ಇರುವುದಿಲ್ಲ, ಶೆಡ್ ಖಾಲಿ. ಕ್ಯಾಲೆಂಡರಿನ ಕಪ್ಪು ಚುಕ್ಕೆ ನೋಡಿಕೊಂಡು ಮಧ್ಯಾಹ್ನದ ಊಟ ಮುಗಿಸಿ ಎಲ್ಲರೂ ಬರುತ್ತಿದ್ದರು. ಕೇಳಿದವರಿಗೆ ನೂಲಿನ ವ್ಯಾಪಾರದವರು ಎನ್ನುತ್ತಿದ್ದೆ. ಬಾಗಿಲು ಹಾಕಿ, ಕಿಟಕಿಗೆ ಗೋಣಿಚೀಲ ಕಟ್ಟಿ, ಮಗ್ಗಗಳ ನಡುವೆ ಚಾಪೆ ಹಾಸಿಕೊಂಡು ಕೂರುತ್ತಿದ್ದೆವು.

ಜಗಳಕ್ಕೇನೂ ಬರವಿರಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಎಲ್ಲಕ್ಕಿಂತ ದೊಡ್ಡ ಜಗಳ ಮದುವೆಯದು. ಕೋಳಿಯವನಿಗೆ ಸರ್ಕಾರದ ಮುದ್ರೆಯೇ ಬೇಡ. "ಗಂಡ ಹೆಂಡ್ತಿಗೇ ಆ ಕಾಗದ ಯಾಕೆ ಅಂತ ಕೇಳೋನು ನಾನು. ನಮಗೂ ಒಂದು ಕೊಡಿ ಅಂತ ಹೋಗಿ ಕ್ಯೂ ನಿಲ್ಲಲಾ?" ಎನ್ನುತ್ತಿದ್ದ.

ನನ್ನವಳು ಬಿಡುತ್ತಿರಲಿಲ್ಲ. "ನಾಳೆ ಇವಳನ್ನ ಆಸ್ಪತ್ರೆಗೆ ಸೇರಿಸಿದ್ರೆ ನೀನು ಯಾರಮ್ಮಾ ಅಂತ ಕೇಳ್ತಾರೆ. ನಾನು ಸ್ವಾತಂತ್ರ್ಯವಾದಿ ಅಂತ ಹೇಳ್ಲಾ?"

ಒಮ್ಮೆ, ಇನ್ನೂ ಆರಂಭದ ದಿನಗಳಲ್ಲೇ, ಅವಳು ಮಾತು ನನ್ನ ಕಡೆಗೆ ತಿರುಗಿಸಿದಳು. ಸರ್ಕಾರ ಇರಲಿ, ಮೊದಲು ನಿಮ್ಮ ಅತ್ತೆಗೆ ಹೇಳು, ಯಾಕೆ ಹೇಳುವುದಿಲ್ಲ ಎಂದು ಎಲ್ಲರೆದುರು ಕೇಳಿದಳು. ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಚಿಕ್ಕಂದಿನಲ್ಲೇ ಗಂಡ ಸತ್ತು ತವರಿಗೆ ಬಂದವಳು, ತಾಯಿಲ್ಲದ ನನ್ನನ್ನು ಸಾಕಿದವಳು, ಶೆಡ್ಡಿನ ಗೋಡೆಯಾಚೆಯ ಮನೆಯಲ್ಲಿ ಒಬ್ಬಳೇ ಇರುವವಳು. ನನಗೆ ಸಿಟ್ಟು ಬಂತು. "ನಮ್ಮತ್ತೆಗೆ ಗೊತ್ತಾದ್ರೆ ಆವತ್ತೇ ಎದೆ ಒಡೆದು ಸಾಯ್ತಾಳೆ! ಆ ಪಾಪ ನಂಗೆ ಬೇಡ!" ಎಂದು ಕೂಗಿದೆ. ಮಾತು ಅಲ್ಲಿಗೆ ನಿಂತಿತು.

ಅತ್ತೆಯಿಂದ ನಮಗೊಂದು ತೊಂದರೆಯೂ ಇತ್ತು. ನಾವು ಕೂತು ಒಂದು ಗಳಿಗೆ ಆಗಿರುತ್ತಿತ್ತೋ ಇಲ್ಲವೋ, ಗೋಡೆಯಾಚೆ ಒನಕೆ ಸದ್ದು ಶುರುವಾಗುತ್ತಿತ್ತು. ದಂ, ದಂ, ದಂ. ಮನೆಯಲ್ಲಿ ಮಿಕ್ಸಿ ಇದೆ, ಗ್ರೈಂಡರ್ ಇದೆ, ಮುದುಕಿ ಕಲ್ಲಿನ ಒರಳಿಗೇ ಹೋಗುತ್ತಿದ್ದಳು. ಅದೂ ಅಮಾವಾಸ್ಯೆಯ ದಿನ! ವಯಸ್ಸಾಯಿತು, ತಿಥಿ ಮರೆಯುತ್ತಾಳೆ ಎಂದುಕೊಂಡೆ. ಸದ್ದು ಜಾಸ್ತಿಯಾದಷ್ಟೂ ನಾವು ದನಿ ಏರಿಸುತ್ತಿದ್ದೆವು. ಎರಡು ಸಲ ಹೋಗಿ ಬೈದೂ ಬಂದೆ. "ಆಯ್ತು ಕಣ್ಣು, ಆಯ್ತು" ಎಂದು, ಚಿಕ್ಕಂದಿನ ಮುದ್ದಿನ ಹೆಸರಿನಲ್ಲೇ, ಒಪ್ಪಿಕೊಳ್ಳುತ್ತಿದ್ದಳು, ನಾನು ಬಾಗಿಲು ಹಾಕಿಕೊಂಡ ಕೂಡಲೇ ಮತ್ತೆ ಶುರು. ಕೋಳಿಯವನಿಗೆ ಮಾತ್ರ ಅವಳೆಂದರೆ ಗೌರವ. ಯಾವ ಕಟ್ಟಳೆಗೂ ಸೊಪ್ಪು ಹಾಕದ ನಿಮ್ಮತ್ತೆಯೇ ನಮ್ಮೆಲ್ಲರಿಗಿಂತ ಗಟ್ಟಿ ಸ್ವಾತಂತ್ರ್ಯವಾದಿ ಎಂದು ಹೊಗಳುತ್ತಿದ್ದ.

ಹೀಗೆ ನಾಲ್ಕು ವರ್ಷ ನಡೆಯಿತು. ಒಂದು ಶನಿವಾರ ಸಂಜೆ ಬೀದಿಯ ಯಜಮಾನರ ಕಡೆಯಿಂದ ಆಳು ಬಂದ.

"ನಾಳೆ ಬೆಳಿಗ್ಗೆ ಪಾವಡೀಲಿ ಕೂಡ್ತಾರೆ. ನೀನೂ ಬರ್ಬೇಕಂತೆ, ನಿಮ್ಮತ್ತೇನೂ ಬರ್ಬೇಕಂತೆ. ಅಮಾಸೆ ವಿಷಯ."

ಅಷ್ಟೇ ಹೇಳಿ ಹೋದ. ಅಮಾವಾಸ್ಯೆ ವಿಷಯವೆಂದರೆ ಇನ್ನೇನಿದ್ದೀತು? ಕೋಳಿಯವನಿಗೆ ಫೋನ್ ಮಾಡಿದೆ. ಹೋಗಲೇಬೇಡ, ನಿನ್ನನ್ನು ಕರೆಸಲು ಅವರ್ಯಾರು, ಅವರ ನ್ಯಾಯಕ್ಕೆ ನೀನು ಒಪ್ಪಿಗೆ ಕೊಟ್ಟಿದ್ದೀಯಾ ಎಂದು ಗುಡುಗಿದ. ಸಿದ್ಧಾಂತದ ಪ್ರಕಾರ ಅವನ ಮಾತು ಸರಿ. ಆದರೆ ನಾಲ್ಕು ವರ್ಷ ನಾವು ಸಿದ್ಧಾಂತ ಮಾತಾಡಿದ್ದು ಅವರ ನೆಲದ ಮೇಲೆ ಕೂತುಕೊಂಡು.

ನನ್ನವಳು ಒಗೆದ ಬಟ್ಟೆ ಮಡಿಸುತ್ತ ಕೂತಿದ್ದಳು. ಅವಳ ಬಟ್ಟೆ ಬೇರೆ, ನನ್ನ ಬಟ್ಟೆ ಬೇರೆ ಮಾಡುತ್ತಿದ್ದಳು, ಹಿಂದೆಂದೂ ಹಾಗೆ ಮಾಡಿದವಳಲ್ಲ.

"ನಾನು ತಿರುಪ್ಪೂರಲ್ಲಿ ಒಂದು ರೂಮ್ ನೋಡ್ಕೋತೀನಿ. ನೀನು ಶೆಡ್ ಉಳಿಸ್ಕೋ" ಎಂದಳು.

"ಮುಚ್ಚು ಬಾಯಿ" ಎಂದೆ. ಎರಡು ರಾಶಿಯನ್ನೂ ಒಟ್ಟಿಗೆ ಕಲಸಿ ಬೀರುವಿಗೆ ತುರುಕಿದೆ. ಹೋಗುತ್ತೇನೆ, ಕ್ಷಮೆ ಮಾತ್ರ ಕೇಳುವುದಿಲ್ಲ, ಶೆಡ್ ಹೋದರೆ ಹೋಗಲಿ ಎಂದು ಆ ಕ್ಷಣ ನಿರ್ಧಾರವಾಯಿತು. ನಿರ್ಧಾರವಾದ ಮೇಲೆ ನನಗೆ ಹಸಿವಾಯಿತು. ಇಬ್ಬರೂ ಚೆನ್ನಾಗಿ ಊಟ ಮಾಡಿದೆವು.

ಬೆಳಿಗ್ಗೆ ಬೇವಿನ ಮರದ ಕೆಳಗೆ ಜಮಖಾನ ಹಾಸಿತ್ತು. ಯಜಮಾನರು ಎಪ್ಪತ್ತು ದಾಟಿದವರು. ಐವತ್ತು ವರ್ಷ ಮಗ್ಗದ ಸದ್ದಿನಲ್ಲಿದ್ದು ಕಿವಿ ಹೋಗಿದೆ, ಪಕ್ಕದಲ್ಲಿ ಅವರ ಹೆಂಡತಿ ಕೂತು ಎಲ್ಲವನ್ನೂ ಮತ್ತೊಮ್ಮೆ ಕೂಗಿ ಹೇಳಬೇಕು. ಸುಮಾರು ಮೂವತ್ತು ಜನ ಸೇರಿದ್ದರು. ಅತ್ತೆ ನನ್ನಿಂದ ದೂರ, ಆ ತುದಿಯಲ್ಲಿ ಕೂತಿದ್ದಳು. ನಾನು ಎದ್ದು ನಿಲ್ಲಲು ಸೆರಗು ಸರಿಮಾಡಿಕೊಂಡೆ. ಯಜಮಾನರು ನನ್ನತ್ತ ತಿರುಗಿಯೂ ನೋಡಲಿಲ್ಲ.

"ಏನಕ್ಕಾ, ಅಮಾಸೆ ದಿನ ಒನಕೆ ಹಿಡೀತೀಯಂತೆ. ನಾಕು ವರ್ಷದಿಂದ ಹಿಡೀತೀಯಂತೆ. ಬೀದಿ ಕಟ್ಟಳೆ ನಿಂಗೆ ತಿಳೀದಾ?" ಎಂದರು.

ಆರೋಪಿ ನಾನಲ್ಲ, ಅತ್ತೆ! ದೂರು ಕೊಟ್ಟಿದ್ದವನು ನಮ್ಮ ಎದುರು ಮನೆಯ ಲಾರಿ ಮಾಲೀಕ.

ಅತ್ತೆ ತಲೆ ಎತ್ತಿದಳು. "ಕುಟ್ಟಿದ್ರೆ ತಪ್ಪು ಸಾಮಿ. ಒರಳೊಳಗೆ ಏನೂ ಇಲ್ದಿದ್ರೆ ಅದು ಕುಟ್ಟಿದ ಹಾಗಾಯ್ತಾ?"

ಜನ ಗುಸುಗುಸು ಎಂದರು. ಲಾರಿಯವನ ಹೆಂಡತಿ ಎದ್ದು, ಅದು ನಿಜ, ನಾನೇ ಬೇಲಿಯ ಮೇಲಿಂದ ನೋಡಿದ್ದೇನೆ, ಒರಳಲ್ಲಿ ಒಂದು ಕಾಳೂ ಇರಲಿಲ್ಲ, ಮುದುಕಿಗೆ ಭ್ರಮೆ ಎಂದಳು.

"ಬರೀ ಒರಳು ಯಾಕಕ್ಕಾ ಕುಟ್ಟೋದು?" ಎಂದು ಯಜಮಾನರು ಕೇಳಿದರು.

ಅತ್ತೆ ತಲೆ ತಗ್ಗಿಸಿದಳು. ನೆಲ ನೋಡುತ್ತ ಕೂತಳು, ಎಡಗೈಯಿಂದ ಬಲಭುಜ ಒತ್ತಿಕೊಳ್ಳುತ್ತಿದ್ದಳು. ಎರಡು ವರ್ಷದಿಂದ ಅವಳಿಗೆ ಆ ಭುಜ ನೋವು, ಎಣ್ಣೆ ತಿಕ್ಕಿಕೊಟ್ಟವಳು ನಾನೇ. ಆಗ ನನಗೆ ತಿಳಿಯಿತು. ಎಂಥ ದಡ್ಡಿ ನಾನು! ಅಮಾವಾಸ್ಯೆಯ ಮಧ್ಯಾಹ್ನ ಬೀದಿಯಲ್ಲಿ ಒಂದು ಮಗ್ಗವೂ ಓಡುತ್ತಿರಲಿಲ್ಲ. ಹುಟ್ಟಿದಾರಭ್ಯ ಮಗ್ಗದ ಸದ್ದಿನ ಮೇಲೆ ಮಾತಾಡಿದವಳು ನಾನು, ಕೋಳಿ ಶೆಡ್ಡಿನಲ್ಲಿ ಕೂಗಿ ಬೆಳೆದವನು ಕೋಳಿಯವನು, ಹರಾಜು ಕೂಗುವವನು ಅವನ ಜೊತೆಗಾರ, ಹೊಲಿಗೆ ಯಂತ್ರಗಳ ನಡುವೆ ದಿನಗಳೆದವಳು ನನ್ನವಳು. ಮೆಲ್ಲಗೆ ಮಾತಾಡಲು ಬರುವವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಸದ್ದಡಗಿದ ಬೀದಿಯಲ್ಲಿ ಕೂತು ನಮ್ಮ ಒಳಗುಟ್ಟನ್ನೆಲ್ಲ ಗಂಟಲು ಹರಿಯುವಂತೆ ಕೂಗಿದ್ದೆವು. ಅದೂ ಕನ್ನಡದಲ್ಲಿ. ಊರೆಲ್ಲ ನಮ್ಮನ್ನು ಕಾಯುವ ಪರದೆ ಈ ಒಂದು ಬೀದಿಯಲ್ಲಿ ಪರದೆಯೇ ಅಲ್ಲವೆಂಬುದು ನಾಲ್ಕು ವರ್ಷ ನನಗೆ ಹೊಳೆಯಲಿಲ್ಲ. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದಿತ್ತು. ನಮ್ಮ ಮಾತು ಬೀದಿಗೆ ಬೀಳದಿರಲೆಂದು ಈ ಮುದುಕಿ ಗೋಡೆಯಾಚೆ ನಿಂತು ಒನಕೆ ಎತ್ತಿ ಹಾಕುತ್ತಿದ್ದಳು.

ನಾನು ಎದ್ದೆ. ಆ ತುದಿಯಿಂದ ಅತ್ತೆ ನನ್ನನ್ನೇ ನೋಡಿ, ದನಿಯಿಲ್ಲದೆ ತುಟಿ ಆಡಿಸಿದಳು. ಮಗ್ಗದವರೆಲ್ಲ ಸದ್ದಿನಲ್ಲಿ ತುಟಿ ನೋಡಿ ಮಾತು ಓದುವವರೇ. "ಕೂತ್ಕೋ ಕಣ್ಣು" ಎಂದಿತು ಅವಳ ತುಟಿ. ನಾನು ಕೂರಲಿಲ್ಲ.

"ಎಜಮಾನ್ರೆ, ಅತ್ತೆ ಕುಟ್ಟಿದ್ದು ನನಗಾಗಿ. ಶೆಡ್ಡಲ್ಲಿ ನಾವು ಕೂಟ ಸೇರ್ತೀವಿ. ನೂಲಿನ ವ್ಯಾಪಾರ ಅಂದಿದ್ದು ಸುಳ್ಳು. ಹೆಣ್ಣಿನ ಜೊತೆ ಬಾಳೋ ಹೆಣ್ಣುಗಳು, ಗಂಡಿನ ಜೊತೆ ಬಾಳೋ ಗಂಡುಗಳು ನಾವು. ನನ್ನ ಮನೇಲಿರೋಳು ಬಾಡಿಗೆಯವಳಲ್ಲ. ಇದನ್ನ ಮರೆಮಾಡಿದ್ದಕ್ಕೆ ನಾಚಿಕೆಯಾಗ್ತಿದೆ, ಹಾಗಿರೋದಕ್ಕೆ ನಾಚಿಕೆಯಿಲ್ಲ" ಎಂದೆ. ನನ್ನ ಎಂದಿನ ದನಿಯಲ್ಲೇ ಹೇಳಿದೆ, ಯಜಮಾನರ ಆ ಕಿವಿಗೂ ಬಿದ್ದಿರಬೇಕು.

ಆದರೂ ಅವರ ಹೆಂಡತಿ ಬಾಗಿ ಕಿವಿಯಲ್ಲಿ ಕೂಗಿದರು. ಯಜಮಾನರು ಹೆಂಡತಿಯತ್ತ ಕೈ ಬೀಸಿದರು. "ಅದ್ಯಾಕೆ ಮತ್ತೆ ಹೇಳ್ತೀಯೆ? ಮೂರು ವರ್ಷದ ಹಿಂದೇನೇ ಹೇಳಿದ್ಯಲ್ಲ."

ಯಾರೋ ಕಿಸಕ್ಕೆಂದರು. ಸುತ್ತ ನೋಡಿದೆ. ಒಂದು ಮುಖದಲ್ಲೂ ಆಶ್ಚರ್ಯವಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಒನಕೆಯ ಎರಡು ಪೆಟ್ಟಿನ ನಡುವೆ ಎಷ್ಟು ಬೇಕೋ ಅಷ್ಟು ಕೇಳಿಸಿಕೊಂಡು, ಏನೂ ಕೇಳದವರಂತೆ ಮರುದಿನ ನನ್ನ ಹತ್ತಿರ ಸಕ್ಕರೆ ಸಾಲ ಪಡೆದಿದ್ದರು.

ಲಾರಿಯವನು ಮಾತ್ರ ಎದ್ದು ನಿಂತ. "ಇಂಥ ಕೆಲ್ಸಕ್ಕಾ ಪಾವಡಿ ಜಾಗ ಕೊಟ್ಟಿದ್ದು? ಶೆಡ್ ಕಾಲಿ ಮಾಡ್ಸಿ. ನನ್ನ ಲಾರಿ ನಿಲ್ಸೋಕೆ ಜಾಗ ಕೇಳಿ ಎಷ್ಟು ದಿನ ಆಯ್ತು?"

ಯಜಮಾನರು ಗಡ್ಡ ಕೆರೆದುಕೊಂಡು, ನನ್ನ ಕಡೆ ನೋಡಿ, "ಮಗ್ಗ ಓಡ್ತಾವಾ?" ಎಂದರು.

"ಆರೂ ಓಡ್ತಾವೆ."

"ನಿಂದೋ?" ಎಂದು ಲಾರಿಯವನನ್ನು ಕೇಳಿದರು. ಅವನು ಮಗ್ಗಗಳನ್ನು ಮಾರಿಯೇ ಲಾರಿ ಕೊಂಡಿದ್ದ. "ಪಾವಡಿ ಜಾಗ ಮಗ್ಗ ಓಡಿಸೋರಿಗೆ. ನಮ್ಮಪ್ಪ ಇವಳ ತಾತಂಗೆ ಹೇಳಿದ್ದು ಅಷ್ಟೇ. ಮಗ್ಗ ಓಡೋವರೆಗೂ ಯಾರು ಯಾರ ಜೊತೆ ಉಣ್ತಾರೆ ಅಂತ ಪಾವಡಿ ಕೇಳಲ್ಲ. ಅಕ್ಕಾ, ನೀನು ಅಮ್ಮಂಗೆ ಒಂದು ದೀಪ ಹಚ್ಚು, ಒನಕೆ ಅಟ್ಟಕ್ಕೆ ಹಾಕು. ನಂಗೆ ಕಿವಿ ಕೇಳಲ್ಲ, ಆದ್ರೆ ನೀನು ಕುಟ್ಟಿದ್ರೆ ಮಂಚ ನಡುಗ್ತದೆ, ನಿದ್ದೆ ಬರಲ್ಲ."

ನಾಲ್ಕು ವರ್ಷ ನಾವು ಕಟ್ಟಿದ ವಾದಗಳಲ್ಲಿ ಒಂದೂ ನನ್ನ ಶೆಡ್ ಉಳಿಸಲಿಲ್ಲ. ಯಾರ ಒಪ್ಪಿಗೆಯೂ ಬೇಡವೆಂದ ನಮ್ಮನ್ನು ಒಂದು ಹಳೆಯ ಕಟ್ಟಳೆ ಉಳಿಸಿತು. ಇದನ್ನು ಕೋಳಿಯವನಿಗೆ ಹೇಳಿದಾಗ, ದುಡಿಯುವವನದೇ ನೆಲ, ಇದು ನಮ್ಮ ಸಿದ್ಧಾಂತವೇ ಎಂದು ಸಾಧಿಸಿದ. ಅವನು ಎಂದೂ ಸೋತವನಲ್ಲ. ಎಲ್ಲವೂ ಸಿಹಿಯಾಗಿ ಮುಗಿಯಿತೆಂದೂ ಹೇಳಲಾರೆ. ಲಾರಿಯವನ ಮನೆಯವರು ಇವತ್ತಿಗೂ ನಮ್ಮ ಬಾಗಿಲು ಕಂಡರೆ ಮುಖ ತಿರುಗಿಸಿಯೇ ಹೋಗುತ್ತಾರೆ. ಕೆಲಸಕ್ಕೆ ಬರುತ್ತಿದ್ದ ಇಬ್ಬರು ಆ ವಾರವೇ ಬಿಟ್ಟರು. ಅವರ ಪಾಡಿಗೆ ಅವರು, ನಮ್ಮ ಪಾಡಿಗೆ ನಾವು.

ಪಾವಡಿಯಿಂದ ಅತ್ತೆಯನ್ನು ಕೈಹಿಡಿದು ಕರೆತಂದೆ. ದಾರಿಯಲ್ಲಿ ಕೇಳಿದೆ.

"ಯಾವತ್ತಿಂದ ಗೊತ್ತು ಅತ್ತೆ?"

"ನಾನು ಎದೆ ಒಡೆದು ಸಾಯ್ತೀನಿ ಅಂತ ಕೂಗಿದ್ಯಲ್ಲ, ಆವತ್ತಿಂದ." ನಾಲ್ಕು ಹೆಜ್ಜೆ ನಡೆದು ಮತ್ತೆ ಹೇಳಿದಳು. "ನಾಕು ವರ್ಷ ಆಯ್ತು. ಭುಜ ಬಿಟ್ರೆ ಬೇರೇನೂ ನೋಯ್ಲಿಲ್ಲ ನೋಡು."

ನಾನು ನಡುಬೀದಿಯಲ್ಲಿ ನಿಂತು ಅತ್ತುಬಿಟ್ಟೆ. ಅವಳು ಸೆರಗಿನಿಂದ ನನ್ನ ಮೂಗು ಒರೆಸಿದಳು, ನಲವತ್ತೆಂಟು ವರ್ಷದ ಹೆಂಗಸಿನ ಮೂಗನ್ನು.

ಮುಂದಿನ ಅಮಾವಾಸ್ಯೆಗೆ ಎಲ್ಲರೂ ಬಂದರು. ಗೋಣಿಚೀಲ ಬಿಚ್ಚಿ ಕಿಟಕಿ ತೆರೆದಿದ್ದೆ. ಕೂತು ಸ್ವಲ್ಪ ಹೊತ್ತಾಯಿತು. ಗೋಡೆಯಾಚೆ ಸದ್ದಿಲ್ಲ. ನಾವು ನಾಲ್ಕು ವರ್ಷದಲ್ಲಿ ಮೊದಲ ಸಲ ಮೆಲ್ಲಗೆ ಮಾತಾಡಲು ಹೋಗಿ, ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಬಾಗಿಲು ಸರಿಯಿತು. ಅತ್ತೆ ಒಳಗೆ ಬಂದಳು, ನನ್ನವಳ ಪಕ್ಕದಲ್ಲಿ ಜಾಗ ಮಾಡಿಕೊಂಡು, ಕಾಲು ಚಾಚಿ ಚಾಪೆಯ ಮೇಲೆ ಕೂತಳು.

"ನನ್ನ ಒನಕೆ ಸದ್ದಲ್ಲಿ ನಂಗೇ ಸರಿಯಾಗಿ ಏನೂ ಕೇಳ್ಲಿಲ್ಲ" ಎಂದಳು. "ಮೊದಲಿಂದ ಹೇಳಿ."